ಶಾಸನ, ಬಿಪಿ, ಮ್ಯೂಆನ್: ಮೂರು ಸಂಶೋಧನೆಗಳ ಒಳಗೆಲಸ

ಇದನ್ನು ಬರೆಯುತ್ತಿರುವ ನಾವು ಮೂವರು. ಒಬ್ಬರದು ಶಾಸನ ಓದುವ ಕೆಲಸ, ಇನ್ನೊಬ್ಬರದು ಹಳ್ಳಿಗಳಲ್ಲಿ ಆರೋಗ್ಯ ಸಮೀಕ್ಷೆ, ಮತ್ತೊಬ್ಬರದು ಆಕಾಶದಿಂದ ಬೀಳುವ ಮ್ಯೂಆನ್ ಎಂಬ ಕಣಗಳನ್ನು ಎಣಿಸುವ ಉಪಕರಣ ಕಟ್ಟುವುದು. ಪಿಎಚ್‌.ಡಿ. ಕೋರ್ಸ್‌ವರ್ಕ್‌ನಲ್ಲಿ ‘ಸಂಶೋಧನಾ ವಿಧಾನ’ ಎಂಬ ಪತ್ರಿಕೆಯಲ್ಲಿ ಸಮಸ್ಯೆ, ಊಹೆ, ಮಾಹಿತಿ ಸಂಗ್ರಹ, ವಿಶ್ಲೇಷಣೆ, ತೀರ್ಮಾನ ಎಂದು ಐದು ಮೆಟ್ಟಿಲು ಬರೆಸಿ ಮುಗಿಸುವುದುಂಟು. ಒಬ್ಬರ ಕೆಲಸಕ್ಕೆ ಮತ್ತೊಬ್ಬರು ಕೈಜೋಡಿಸಿದ ಮೇಲೆ ನಮಗೆ ಕಂಡದ್ದು ಬೇರೆ. ಮೆಟ್ಟಿಲುಗಳ ಹೆಸರು ಒಂದೇ ಇರಬಹುದು. ಯಾವ ಮೆಟ್ಟಿಲು ದಾಟಿದ ಮೇಲೆ ತಪ್ಪನ್ನು ತಿದ್ದಲಾಗದು ಎಂಬುದು ಮಾತ್ರ ಒಂದೊಂದು ಶಾಸ್ತ್ರದಲ್ಲಿ ಒಂದೊಂದು ಕಡೆ ಇದೆ. ಉಳಿದ ಶಿಸ್ತು, ಕಾಗದಪತ್ರ, ಜಗಳ ಎಲ್ಲವೂ ಅದನ್ನು ಅನುಸರಿಸಿಯೇ ಬಂದಿವೆ.

ಮೊದಲು ಕಲ್ಲಿನ ವಿಷಯ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಊರ ನಡುವಿನ ವೀರಗಲ್ಲಾದರೆ ಪಂಚಾಯಿತಿಯವರಿಗೆ, ದೇವಸ್ಥಾನದ ಅಂಗಳದ್ದಾದರೆ ಅರ್ಚಕರಿಗೆ ಮೊದಲೇ ಹೇಳಬೇಕು. ಹೇಳದೆ ಹೋಗಿ ಕಲ್ಲಿನ ಬುಡ ಕೆದಕಿದರೆ ನಿಧಿ ತೆಗೆಯಲು ಬಂದವರೆಂದು ಜನ ಸುತ್ತುವರಿಯುತ್ತಾರೆ. ಅವರ ಅನುಮಾನದಲ್ಲಿ ತಪ್ಪೇನಿಲ್ಲ, ನಿಧಿಯ ಆಸೆಗೆ ಒಡೆದುಹೋದ ಕಲ್ಲುಗಳು ನಾಡಿನಲ್ಲಿ ಸಾಕಷ್ಟಿವೆ.

ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳ ಕಾಗದದ ಪ್ರತಿ, ತೆಗೆಯಲು ಬೇಕಾದ ಸಾಮಾನು ಸ್ವಲ್ಪವೇ. ನಾರು ಗಟ್ಟಿಯಿರುವ, ನೀರು ಹೀರುವ ಕಾಗದ. ಉದ್ದ ಕೂದಲಿನ ಗಡಸು ಬ್ರಷ್ಷು. ಕಾಡಿಗೆಯನ್ನು ಗೋಂದು ಮತ್ತು ನೀರಿನಲ್ಲಿ ಕಲಸಿದ ಮಸಿ. ಹತ್ತಿಯನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿದ ಒಂದು ಉಂಡೆ. ಎರಡು ಬಕೆಟ್ ನೀರು. ಪತ್ರಿಕೆಯ ಕಾಗದ ನೆನೆದ ತಕ್ಷಣ ಹರಿಯುತ್ತದೆ, ನುಣುಪು ಕಾಗದ ನೀರು ಹೀರುವುದಿಲ್ಲ, ಎರಡೂ ಬೇಡ. ಕಲ್ಲನ್ನು ತೆಂಗಿನ ನಾರಿನ ಅಥವಾ ನೈಲಾನ್ ಬ್ರಷ್ಷಿನಿಂದ ಬರಿ ನೀರಿನಲ್ಲಿ ತೊಳೆಯಬೇಕು. ತಂತಿ ಬ್ರಷ್ಷು, ಆಸಿಡ್, ಉಳಿ ಇವನ್ನು ಮುಟ್ಟಲೇಬಾರದು. ಎಣ್ಣೆ–ಕುಂಕುಮ ಮೆತ್ತಿದ ಕಲ್ಲಿನ ಮೇಲೆ ಕಾಗದ ಕೂರುವುದಿಲ್ಲ. ಬಣ್ಣ ಬಳಿದ ಕಲ್ಲಿನಲ್ಲಿ ಅಕ್ಷರದ ತೋಡು ಬಣ್ಣದಿಂದಲೇ ತುಂಬಿರುತ್ತದೆ. ಅಂಥಲ್ಲಿ ಅಚ್ಚಿನ ಹಟ ಬಿಟ್ಟು ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಹಾಯಿಸಿ, ಬೆಳಕಿನ ದಿಕ್ಕು ಬದಲಿಸುತ್ತ ಫೋಟೊ ತೆಗೆಯುವುದೇ ಸರಿ.

ಕಾಗದವನ್ನು ನೆನೆಸಿ, ಎಡದಿಂದ ಬಲಕ್ಕೆ ಹಾಸಿ, ನಡುವಿನಿಂದ ಅಂಚಿಗೆ ಬ್ರಷ್ಷಿನಿಂದ ಬಡಿಯುತ್ತ ಹೋದರೆ ಅದು ಅಕ್ಷರದ ತೋಡಿನೊಳಗೆ ಇಳಿಯುತ್ತದೆ. ಒಳಗೆ ಗಾಳಿ ಉಳಿದರೆ ಅಲ್ಲಿ ಕಾಗದ ಉಬ್ಬುತ್ತದೆ, ಆಮೇಲೆ ಇಲ್ಲದ ಗೆರೆಯೊಂದು ಅಚ್ಚಿನಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡ ಕಲ್ಲಿಗೆ ಹಲವು ಹಾಳೆ ಬೇಕು. ಒಂದರ ಅಂಚಿನ ಮೇಲೆ ಮತ್ತೊಂದು ಎರಡು ಬೆರಳಗಲ ಹತ್ತಿರಬೇಕು, ಇಲ್ಲದಿದ್ದರೆ ಸಂದಿಗೆ ಬಿದ್ದ ಅಕ್ಷರ ಎರಡು ಹಾಳೆಯಲ್ಲೂ ಸಿಗದು. ಇನ್ನು ಮಸಿ. ಉಂಡೆಯನ್ನು ಮಸಿಯಲ್ಲಿ ಅದ್ದಿ ನೇರ ಕಲ್ಲಿಗೆ ತರಬಾರದು. ಒಂದು ತಟ್ಟೆಯ ಮೇಲೆ ಒತ್ತಿ ಹೆಚ್ಚಿನದನ್ನು ಬಿಟ್ಟು, ಮೊದಲ ಸುತ್ತು ತೆಳ್ಳಗೆ, ಎರಡನೆಯ ಸುತ್ತು ಗಾಢವಾಗಿ ಒತ್ತಬೇಕು. ಉಬ್ಬು ಭಾಗ ಕಪ್ಪಾಗಿ ತೋಡು ಬೆಳ್ಳಗೆ ಉಳಿಯುತ್ತದೆ. ಕಾಗದ ತೀರಾ ಒದ್ದೆಯಿದ್ದರೆ ಮಸಿ ಹರಡಿ ಅಕ್ಷರದೊಳಗೂ ನುಗ್ಗುತ್ತದೆ, ಸಾಲದ್ದಕ್ಕೆ ಕಾಗದ ದಾಟಿ ಕಲ್ಲಿಗೂ ಕಲೆ ಮಾಡುತ್ತದೆ. ತೀರಾ ಒಣಗಿದ್ದರೆ ಕಾಗದ ಕಲ್ಲಿನಿಂದ ಬಿಟ್ಟುಕೊಂಡು ಅಚ್ಚು ಅಲುಗುತ್ತದೆ. ಆದ್ದರಿಂದಲೇ ಬೆಳಗಿನ ಹೊತ್ತು, ಗಾಳಿ ಏಳುವ ಮೊದಲು ಕೆಲಸ ಮುಗಿಸಬೇಕೆನ್ನುವುದು. ಮುಕ್ಕಾಲು ಒಣಗಿದಾಗ ಮೇಲಿನ ಮೂಲೆಯಿಂದ ಬಿಡಿಸಿ, ಹಿಂಬದಿಯಲ್ಲಿ ಊರು, ತಾಲ್ಲೂಕು, ಕಲ್ಲು ನಿಂತ ಜಾಗ, ಹಾಳೆಯ ಕ್ರಮ, ತಾರೀಖು ಅಲ್ಲೇ ಬರೆಯಬೇಕು. ಮನೆಗೆ ಹೋಗಿ ಬರೆಯೋಣವೆಂದುಕೊಂಡ ಹಾಳೆಗಳು ಯಾವ ಊರಿನವೆಂದು ತಿಳಿಯದೆ ಕಪಾಟಿನಲ್ಲಿ ಉಳಿಯುತ್ತವೆ.

ಈಚೆಗೆ ಮೂರು ಆಯಾಮದ ಸ್ಕ್ಯಾನಿಂಗ್ ಬಂದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಊರಿನ ಸುತ್ತಮುತ್ತಲ ಶಾಸನಗಳನ್ನು ಹೀಗೆ ದಾಖಲಿಸುತ್ತಿದೆ. ಸವೆದ ಕಲ್ಲಿಗೆ ಇದು ಕಾಗದಕ್ಕಿಂತ ಮೇಲು, ಏಕೆಂದರೆ ಆಳವನ್ನು ಪರದೆಯ ಮೇಲೆ ಎತ್ತಿ ತೋರಿಸಬಹುದು. ಆದರೆ ಓದುವ ಕೆಲಸವನ್ನು ಸ್ಕ್ಯಾನರ್ ಮಾಡಿಕೊಡುವುದಿಲ್ಲ.

ಓದಿನಲ್ಲಿ ಹಳಬರು ಹಿಡಿಯುವ ದಾರಿ ಇದು. ನಡುಗಾಲದ ಬಹಳಷ್ಟು ದಾನಶಾಸನಗಳು ‘ನಮಸ್ತುಂಗ ಶಿರಶ್ಚುಂಬಿ’ ಎಂಬ ಶ್ಲೋಕದಿಂದ ಶುರುವಾಗಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪಾಶಯದಲ್ಲಿ ಮುಗಿಯುತ್ತವೆ. ಶ್ಲೋಕ ನಮಗೆ ಬಾಯಿಪಾಠ. ಆದ್ದರಿಂದ ಮೊದಲು ಅದನ್ನೇ ಕಲ್ಲಿನಲ್ಲಿ ಗುರುತಿಸಿ, ಈ ಕಲ್ಲು ಕೊರೆದವನು ಚ ಹೇಗೆ ಬರೆಯುತ್ತಾನೆ, ರ ಹೇಗೆ, ಒತ್ತಕ್ಷರ ಎಲ್ಲಿ ಇಡುತ್ತಾನೆ ಎಂದು ಒಂದು ಅಕ್ಷರಪಟ್ಟಿ ಮಾಡಿಕೊಳ್ಳುತ್ತೇವೆ. ಆ ಪಟ್ಟಿ ಹಿಡಿದು ನಡುವಿನ ಭಾಗಕ್ಕೆ, ಅಂದರೆ ಯಾರು, ಯಾರಿಗೆ, ಎಷ್ಟು ಗದ್ದೆ ಕೊಟ್ಟರು ಎಂಬಲ್ಲಿಗೆ ಹೋಗುತ್ತೇವೆ. ಭೌತಶಾಸ್ತ್ರದವರು ಇದಕ್ಕೆ ಮಾಪನಾಂಕನ ಎನ್ನುತ್ತಾರೆ: ಗೊತ್ತಿರುವುದರಿಂದ ಉಪಕರಣವನ್ನು ಹದಮಾಡಿಕೊಂಡು ಗೊತ್ತಿಲ್ಲದ್ದನ್ನು ಅಳೆಯುವುದು. ಅಪಾಯವೂ ಇದರೊಳಗೇ ಇದೆ. ಬಾಯಿಪಾಠವಿದ್ದವನಿಗೆ ಕಲ್ಲು ಒಡೆದ ಕಡೆಯೂ ಅಕ್ಷರ ಕಾಣಿಸುತ್ತದೆ. ಆದ್ದರಿಂದ ಇಬ್ಬರು ಬೇರೆ ಬೇರೆ ಕೂತು ಓದಿ, ಆಮೇಲೆ ಎರಡು ಪಾಠಗಳನ್ನು ಎದುರುಬದುರು ಇಡಬೇಕು. ಎರಡೂ ಕೂಡದ ಜಾಗವನ್ನು ಚೌಕ ಕಂಸದೊಳಗೆ ಬರೆಯಬೇಕು. ಚೌಕ ಕಂಸವೇ ಇಲ್ಲದ ಶಾಸನಪಾಠ ನೋಡಿದರೆ ನಮಗೆ ಮೊದಲು ಹುಟ್ಟುವುದು ಮೆಚ್ಚುಗೆಯಲ್ಲ, ಸಂಶಯ.

ಕಾಲ ಗೊತ್ತುಮಾಡುವುದು ಲೆಕ್ಕದ ಕೆಲಸ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂದು ಎಲ್ಲರಿಗೂ ಗೊತ್ತು. ಪುಷ್ಯ–ಮಾಘ–ಫಾಲ್ಗುಣದ ತಿಥಿಯಾದರೆ ಸಾಮಾನ್ಯವಾಗಿ 79 ಎನ್ನುವುದನ್ನು ಹಲವರು ಮರೆಯುತ್ತಾರೆ. ಅದಕ್ಕಿಂತ ದೊಡ್ಡ ತೊಡಕು, ಕಲ್ಲಿನ ಮೇಲಿನ ಶಕವರ್ಷ ಕಳೆದದ್ದೋ (ಮುಗಿದ ವರ್ಷಗಳನ್ನಷ್ಟೇ ಎಣಿಸಿದ್ದೋ) ನಡೆಯುತ್ತಿರುವುದೋ (ನಡೆವ ವರ್ಷವನ್ನೂ ಸೇರಿಸಿದ್ದೋ) ಎಂಬುದು. ಇದಕ್ಕೆ ಸಂವತ್ಸರದ ಹೆಸರೇ ಸಾಕ್ಷಿ. ಕಳೆದ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷ ಸಂವತ್ಸರದ ಸಂಖ್ಯೆ, ಪ್ರಭವ 1 ಎಂದು ಎಣಿಸಿ. ಶಕ 1050 ಎಂದುಕೊಳ್ಳಿ: 1062ನ್ನು 60ರಿಂದ ಭಾಗಿಸಿದರೆ ಶೇಷ 42, ಕೀಲಕ. ಕಲ್ಲಿನಲ್ಲಿ ಕೀಲಕ ಎಂದೇ ಇದ್ದರೆ ಅದು ಕಳೆದ ವರ್ಷ, ಕ್ರಿ.ಶ. 1128–29. ಅದರ ಹಿಂದಿನ ಸಂವತ್ಸರವಾದ ಪ್ಲವಂಗ ಎಂದಿದ್ದರೆ ನಡೆಯುತ್ತಿದ್ದ ವರ್ಷ, ಕ್ರಿ.ಶ. 1127–28. ಎರಡೂ ಅಲ್ಲದ ಹೆಸರಿದ್ದರೆ ಅಂಕಿಯನ್ನು ತಪ್ಪಾಗಿ ಓದಿರುವ ಸಂಭವ ಹೆಚ್ಚು. ಮತ್ತೆ ಕಲ್ಲಿನ ಬಳಿಗೆ ಹೋಗಬೇಕು. ತಿಥಿ, ವಾರ, ಗ್ರಹಣ ಹೇಳಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕದಲ್ಲಿ ತಾಳೆ ನೋಡುವುದು ಪದ್ಧತಿ.

ಕಾಲವನ್ನೇ ಹೇಳದ ಕಲ್ಲಿಗೆ ಲಿಪಿಯ ಆಕಾರ, ಹೆಸರಿಸಿದ ಅರಸ, ಭಾಷೆಯ ರೂಪ ಇವಿಷ್ಟೇ ಆಧಾರ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಗುರುತಿಸಿದ 16 ಸಾಲಿನ ಶಾಸನದಲ್ಲಿ ವರ್ಷವಿಲ್ಲ. ಕ್ರಿ.ಶ. 450 ಎಂಬುದು ಹೀಗೆ ಕಟ್ಟಿದ ಅಂದಾಜು. 2013ರಲ್ಲಿ ತಾಳಗುಂದದಲ್ಲಿ ಸಿಂಹಕಟಾಂಜನದ (ಸಿಂಹದ ಆಕಾರದ ಮೆಟ್ಟಿಲ ಕೈಪಿಡಿಯ) ಶಾಸನ ಸಿಕ್ಕಮೇಲೆ ಆ ಶಾಸನವನ್ನು 370ರ ಸುಮಾರಿನದೆಂದು ವಾದಿಸುವವರು ಬಂದರು, ಅತಿ ಹಳೆಯದು ಯಾವುದೆಂಬ ಪ್ರಶ್ನೆ ಮತ್ತೆ ತೆರೆಯಿತು. ಮಾನವಿಕದಲ್ಲಿ ಇದು ಸಹಜ. ಕಲ್ಲು ಉಳಿದಿದ್ದರೆ ನೂರು ವರ್ಷದ ಮೇಲೂ ಯಾರಾದರೂ ಹೋಗಿ ಹಿಂದಿನವರ ಓದನ್ನು ತಿದ್ದಬಹುದು. ಬಿ.ಎಲ್. ರೈಸರು ನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳ ಪಾಠಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಪರಿಷ್ಕರಿಸಿ ಮತ್ತೆ ತಂದಿತು. ಒಂದು ಎಚ್ಚರಿಕೆ: ಎರಡು ಆವೃತ್ತಿಗಳ ಸಂಪುಟ ವಿಂಗಡಣೆ ಬೇರೆ. ‘ಎ.ಕ. ಸಂಪುಟ 5’ ಎಂದಷ್ಟೇ ಅಡಿಟಿಪ್ಪಣಿ ಕೊಟ್ಟರೆ ಓದುಗ ಯಾವುದನ್ನು ತೆರೆಯಬೇಕು? ಆವೃತ್ತಿ, ತಾಲ್ಲೂಕು, ಶಾಸನಸಂಖ್ಯೆ ಮೂರೂ ಬೇಕು.

ಆರೋಗ್ಯ ಸಮೀಕ್ಷೆಯಲ್ಲಿ ಈ ಐಷಾರಾಮ ಇಲ್ಲ. ಒಬ್ಬ ರೈತಮಹಿಳೆ ಇಂದು ಬೆಳಿಗ್ಗೆ ಕೊಟ್ಟ ಐದು ನಿಮಿಷ, ಆ ಹೊತ್ತಿನ ರಕ್ತದೊತ್ತಡ, ಮತ್ತೆ ಸಿಗುವುದಿಲ್ಲ. ಅಳತೆಪಟ್ಟಿಯನ್ನೇ ತಪ್ಪಾಗಿ ಹಿಡಿದು ಏಳುನೂರು ಮನೆ ತಿರುಗಿದರೆ ಆ ಏಳುನೂರೂ ವ್ಯರ್ಥ. ಜೊತೆಗೆ ಅಷ್ಟು ಜನರ ಹೊತ್ತು ಕಳೆದ ಪಾಪ ಬೇರೆ. ಅದಕ್ಕೇ ಇಲ್ಲಿ ನಿರ್ಧಾರಗಳೆಲ್ಲ ಮೊದಲೇ ಆಗಬೇಕು, ಬರಹದಲ್ಲಿ ಆಗಬೇಕು, ಬೇರೆಯವರು ನೋಡಿ ಒಪ್ಪಬೇಕು.

ಒಂದು ತಾಲ್ಲೂಕಿನ ವಯಸ್ಕರಲ್ಲಿ ಅಧಿಕ ರಕ್ತದೊತ್ತಡ ಎಷ್ಟು ಜನಕ್ಕಿದೆ ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳೋಣ. ಎಷ್ಟು ಜನರನ್ನು ನೋಡಬೇಕು? ಸೂತ್ರ ಹೀಗಿದೆ: 1.96ರ (ಶೇ 95ರ ಭರವಸೆಗೆ ಬಳಸುವ ಸಂಖ್ಯೆ) ವರ್ಗವನ್ನು ನಿರೀಕ್ಷಿತ ಪ್ರಮಾಣದಿಂದಲೂ, ಒಂದರಲ್ಲಿ ಆ ಪ್ರಮಾಣ ಕಳೆದು ಉಳಿದದ್ದರಿಂದಲೂ ಗುಣಿಸಿ, ನಾವು ಸಹಿಸುವ ದೋಷದ ವರ್ಗದಿಂದ ಭಾಗಿಸುವುದು. ಪ್ರಮಾಣ ಶೇ 25, ದೋಷ ಶೇ 4 ಎಂದರೆ 451 ಜನ. ಆದರೆ ಒಂದೇ ಊರಿನವರು ಊಟ–ಉಪ್ಪು–ದುಡಿಮೆಯಲ್ಲಿ ಒಬ್ಬರಿಗೊಬ್ಬರು ಹೋಲುತ್ತಾರೆ. ಊರುಗಳ ಗುಂಪಾಗಿ ಆರಿಸುವಾಗ ಈ ಹೋಲಿಕೆಗೆ ದಂಡವಾಗಿ 1.5ರಿಂದ ಗುಣಿಸಿದರೆ 677. ನೂರರಲ್ಲಿ ಹತ್ತು ಜನ ಸಿಗುವುದಿಲ್ಲ ಅಥವಾ ಒಲ್ಲೆ ಎನ್ನುತ್ತಾರೆ ಎಂದಾದರೆ 677ನ್ನು 0.9ರಿಂದ ಭಾಗಿಸಬೇಕು: 753. ಬಹಳಷ್ಟು ಸಂಶೋಧನಾ ಪ್ರಸ್ತಾವಗಳಲ್ಲಿ ಭಾಗಿಸುವ ಬದಲು 1.1ರಿಂದ ಗುಣಿಸಿ 745 ಎಂದು ಬರೆದಿರುತ್ತಾರೆ. 745ರಲ್ಲಿ ಹತ್ತನೇ ಒಂದು ಭಾಗ ಹೋದರೆ ಉಳಿಯುವುದು 670, ಬೇಕಾದ್ದಕ್ಕಿಂತ ಕಡಿಮೆ. ದೋಷವನ್ನು ಅರ್ಧಕ್ಕೆ ಇಳಿಸಿ ಶೇ 2 ಮಾಡುತ್ತೇನೆಂದರೆ ಮೊದಲ ಸಂಖ್ಯೆಯೇ 1801 ಆಗುತ್ತದೆ, ಅಂದರೆ ನಾಲ್ಕು ಪಟ್ಟು. ಮಾರ್ಗದರ್ಶಕರು ‘ಇನ್ನೂ ಸ್ವಲ್ಪ ನಿಖರವಾಗಿರಲಿ’ ಎಂದು ಹಗುರಾಗಿ ಹೇಳುವ ಮೊದಲು ಈ ಲೆಕ್ಕ ಹಾಕಿದರೆ ಒಳ್ಳೆಯದು.

ಊರು ಆರಿಸುವುದು ಜನಸಂಖ್ಯೆಗೆ ತಕ್ಕಂತೆ. ಎಲ್ಲ ಊರುಗಳ ಜನಸಂಖ್ಯೆಯನ್ನು ಒಂದರ ಕೆಳಗೊಂದು ಕೂಡಿಸುತ್ತ ಹೋಗಬೇಕು. ಒಟ್ಟು 1,80,000, ಬೇಕಾದ ಗುಂಪು 30 ಎಂದರೆ ಅಂತರ 6,000. ಒಂದರಿಂದ 6,000ದೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿ, ಅದು 2,417 ಆದರೆ ಕೂಡಿಸಿದ ಮೊತ್ತದಲ್ಲಿ 2,417 ಯಾವ ಊರಿನೊಳಗೆ ಬೀಳುತ್ತದೋ ಅದು ಮೊದಲ ಗುಂಪು, 8,417 ಬೀಳುವ ಊರು ಎರಡನೆಯದು, ಹೀಗೆ. ದೊಡ್ಡ ಊರು ಎರಡು ಸಲ ಬರಬಹುದು, ಬಂದರೆ ಬರಲಿ. ಗುಂಪಿಗೆ 26 ಮನೆ, ಮನೆಗೊಬ್ಬರು. ಮನೆಯಲ್ಲಿ ಯಾರು ಎಂಬುದನ್ನೂ ಮೊದಲೇ ಸಿದ್ಧಪಡಿಸಿದ ಕೋಷ್ಟಕವೇ ಹೇಳಬೇಕು, ಬಾಗಿಲು ತೆಗೆದವರಲ್ಲ.

ಸಮೀಕ್ಷೆ ಕೆಡುವುದು ಇಲ್ಲೇ. ಮಧ್ಯಾಹ್ನ ಹೋದರೆ ಮನೆಯಲ್ಲಿರುವವರು ಮುದುಕರು, ಹೆಂಗಸರು. ನಲವತ್ತರ ಗಂಡಸು ಹೊಲದಲ್ಲೋ ಗಾರ್ಮೆಂಟ್ಸಿನಲ್ಲೋ ಇರುತ್ತಾನೆ. ‘ಅವರಿಲ್ಲ ಸರ್, ಪಕ್ಕದ ಮನೆ ಅಣ್ಣ ಇದ್ದಾರೆ, ಅವರದೇ ನೋಡಿ’ ಎಂದು ಆಶಾ ಕಾರ್ಯಕರ್ತೆ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಪಕ್ಕದ ಮನೆಯ ಅಣ್ಣ ಮನೆಯಲ್ಲೇ ಇದ್ದಾನೆಂದರೆ ಅದಕ್ಕೂ ಕಾರಣವಿರಬಹುದು, ಅದು ಅವನ ಆರೋಗ್ಯವೇ ಆಗಿರಬಹುದು. ಆದ್ದರಿಂದ ಬದಲಿ ಇಲ್ಲ. ಸಂಜೆ ಅಥವಾ ಭಾನುವಾರ ಸೇರಿದಂತೆ ಮೂರು ಭೇಟಿ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ದಾಖಲಿಸುವುದು.

ಅಳತೆಯ ನಿಯಮಗಳು ಚಿಕ್ಕವು, ಬಿಟ್ಟರೆ ಪರಿಣಾಮ ದೊಡ್ಡದು. ಅರ್ಧ ಗಂಟೆಯಿಂದ ಕಾಫಿ–ಟೀ, ಬೀಡಿ ಇರಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆನಿಕೆ ಇಟ್ಟು, ಪಾದ ನೆಲಕ್ಕೆ ಊರಿ, ಕನಿಷ್ಠ 5 ನಿಮಿಷ ಸುಮ್ಮನೆ ಕೂರಬೇಕು. ಹಳ್ಳಿಯ ಮನೆಯಲ್ಲಿ ಬೆನ್ನಿರುವ ಕುರ್ಚಿ ಸಿಗದು, ಮಡಚುವ ಕುರ್ಚಿಯೊಂದನ್ನು ತಂಡವೇ ಹೊತ್ತೊಯ್ಯಬೇಕು. ತೋಳು ಎದೆಮಟ್ಟದಲ್ಲಿರಬೇಕು. ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಅಷ್ಟೆತ್ತರದ ರಕ್ತದ ಭಾರವೇ ಸೇರಿ ಓದು ಏಳೆಂಟು ಅಂಕ ಮೇಲೇರುತ್ತದೆ. ಇದು ಬರಿ ದ್ರವಸ್ಥಿತಿಶಾಸ್ತ್ರ, ಮಾತ್ರೆ ತಿಂದರೆ ಹೋಗದು. ತೋಳಿಗೆ ಕಟ್ಟುವ ಪಟ್ಟಿ, ಅಂದರೆ ಕಫ್ ವಿಷಯವೂ ಹಾಗೆಯೇ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನು ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಬರುತ್ತದೆ, ಸಣಕಲು ತೋಳಿಗೆ ದೊಡ್ಡದು ಕಟ್ಟಿದರೆ ಇರುವುದೂ ಮುಚ್ಚಿಹೋಗುತ್ತದೆ. ಟೇಪು ಹಿಡಿದು ತೋಳು ಅಳೆದು, ಎರಡು ಮೂರು ಅಳತೆಯ ಕಫ್‌ಗಳಲ್ಲಿ ಸರಿಯಾದ್ದನ್ನು ಆರಿಸಬೇಕು. ಒಂದೆರಡು ನಿಮಿಷ ಬಿಟ್ಟು ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ. ಆ ಹೊತ್ತಿನಲ್ಲಿ ಮಾತಿಲ್ಲ. ಅಳೆಯುವ ಹುಡುಗನೂ ‘ಎಷ್ಟು ಮಕ್ಕಳಮ್ಮ’ ಎಂದು ಕೇಳಬಾರದು.

ತಂಡ ನಿಜವಾಗಿ ಅಳೆಯುತ್ತಿದೆಯೇ ಎಂಬುದನ್ನು ಕೊನೆಯ ಅಂಕಿಯೇ ಹೇಳುತ್ತದೆ. ಡಿಜಿಟಲ್ ಯಂತ್ರದ ಓದುಗಳಲ್ಲಿ ಸೊನ್ನೆಯಿಂದ ಕೊನೆಗೊಳ್ಳುವುದು ನೂರಕ್ಕೆ ಹತ್ತರ ಸುಮಾರು ಇರಬೇಕು. ಎರಡೆರಡು ಅಂಕಕ್ಕೆ ಗೆರೆಯಿರುವ ಕೈಯಂತ್ರದಲ್ಲಿ ಇಪ್ಪತ್ತು. ಅರ್ಧದಷ್ಟು ಓದುಗಳು 120, 130, 140 ಎಂದೇ ಬಂದರೆ ಯಾರೋ ದುಂಡು ಮಾಡಿ ಬರೆಯುತ್ತಿದ್ದಾರೆ. ಅಧಿಕ ರಕ್ತದೊತ್ತಡವೆಂದು ಎಣಿಸುವ 140ರ ಗಡಿಯಲ್ಲಿ ಈ ದುಂಡು ಮಾಡುವಿಕೆ ರೋಗಿಗಳನ್ನು ಸೃಷ್ಟಿಸುತ್ತದೆ ಅಥವಾ ಅಳಿಸುತ್ತದೆ. ಪ್ರತಿ ವಾರ ಈ ಎಣಿಕೆ ನೋಡಬೇಕು, ಕೊನೆಯಲ್ಲಲ್ಲ. ಫೋನಿನ ಫಾರ್ಮಿನಲ್ಲೇ ಕಡಿವಾಣ ಹಾಕಿಡಬಹುದು: ಕೆಳಗಿನ ಓದು ಮೇಲಿನದಕ್ಕಿಂತ ಹೆಚ್ಚಿದ್ದರೆ ಮುಂದಕ್ಕೆ ಬಿಡದಂತೆ, ನೆಟ್‌ವರ್ಕ್ ಇಲ್ಲದಿದ್ದರೂ ಉಳಿಯುವಂತೆ.

ಇದೆಲ್ಲಕ್ಕೂ ಮೊದಲು ನೈತಿಕ ಸಮಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಸದಸ್ಯರು, ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಕಾನೂನು ಬಲ್ಲವರು, ಸಮಾಜವಿಜ್ಞಾನಿ, ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ಅರ್ಜಿಗಳು ಹಿಂದಿರುಗುವುದು ವಿಜ್ಞಾನ ಸರಿಯಿಲ್ಲವೆಂದಲ್ಲ, ಹೆಚ್ಚಾಗಿ ಇಂಥ ಕಾರಣಕ್ಕೆ: ಒಪ್ಪಿಗೆ ಪತ್ರದ ಕನ್ನಡ ಓದಿದರೆ ಅರ್ಥವಾಗುವಂತಿಲ್ಲ, ಓದು ಬಾರದವರ ಹೆಬ್ಬೆಟ್ಟಿಗೆ ತಂಡಕ್ಕೆ ಸೇರದ ಸಾಕ್ಷಿ ಯಾರೆಂದು ಹೇಳಿಲ್ಲ, ಹೆಸರು–ಫೋನ್ ಸಂಖ್ಯೆ ಅಳತೆಗಳ ಜೊತೆಗೇ ಇವೆ, ಯಾರಿಗಾದರೂ 190/120 ಬಂದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರವಿಲ್ಲ. ಕೊನೆಯದು ಅತ್ಯಂತ ಮುಖ್ಯ. ಅಳೆದು ಬರೆದುಕೊಂಡು ನಡೆದುಬಿಡುವುದು ಸಂಶೋಧನೆಯಲ್ಲ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಯಾವ ಚೀಟಿಯೊಂದಿಗೆ, ಅಂದೇ ಹೇಗೆ ಕಳಿಸುತ್ತೇವೆ ಎಂಬುದು ಪ್ರಸ್ತಾವದಲ್ಲೇ ಇರಬೇಕು. ಔಷಧ ಅಥವಾ ಬೇರೆ ಚಿಕಿತ್ಸೆಯನ್ನು ಹೋಲಿಸುವ ಪ್ರಯೋಗವಾದರೆ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಬೇಕು. 2018ರ ಏಪ್ರಿಲ್ 1ರಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. ಆಮೇಲೆ ನೆನಪಾದರೆ ಉಪಯೋಗವಿಲ್ಲ. ನೋಂದಣಿಗೆ ಶುಲ್ಕವಿಲ್ಲ.

ಖಾಲಿ ಕೋಷ್ಟಕಗಳನ್ನೂ ಮೊದಲೇ ಬರೆದಿಡುವುದು ಒಳ್ಳೆಯ ಅಭ್ಯಾಸ. ಮಾಹಿತಿ ಬಂದಮೇಲೆ ಜಾತಿ, ವೃತ್ತಿ, ಉಪ್ಪು, ನಿದ್ದೆ ಎಂದು ಇಪ್ಪತ್ತು ಸಂಬಂಧ ಹುಡುಕಿದರೆ ಏನೂ ಇಲ್ಲದಿದ್ದರೂ ಒಂದರಲ್ಲಾದರೂ ‘ಇದು ಆಕಸ್ಮಿಕವಾಗಿ ಕಾಣುವ ಸಂಭವ’ ಎಂಬ ಲೆಕ್ಕ 0.05ರ ಕೆಳಗೆ ಬೀಳುವ ಸಾಧ್ಯತೆ ಹೆಚ್ಚು. ಅದನ್ನೇ ಹಿಡಿದು ಪ್ರಬಂಧ ಬರೆದವರ ಸಂಖ್ಯೆ ಕಡಿಮೆಯಿಲ್ಲ.

ಭೌತಶಾಸ್ತ್ರದ ಪ್ರಯೋಗಶಾಲೆಗೆ ಬಂದರೆ ಗಡಿಬಿಡಿಯೇ ಇಲ್ಲ. ಮ್ಯೂಆನ್‌ಗಳು ನಿನ್ನೆ ಬಿದ್ದಂತೆ ನಾಳೆಯೂ ಬೀಳುತ್ತವೆ, ಯಾರ ಒಪ್ಪಿಗೆಯೂ ಬೇಡ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಇಲ್ಲಿ ತಿದ್ದಲಾಗದ ತಪ್ಪು ಎಂಬುದು ಅಪರೂಪ, ಆದರೆ ಕಾಣದ ತಪ್ಪು ಸದಾ ಇರುತ್ತದೆ. ಯಂತ್ರ ಏನೋ ಒಂದು ಸಂಖ್ಯೆ ಕೊಡುತ್ತಲೇ ಇರುತ್ತದೆ. ಅದು ಮ್ಯೂಆನ್ ಎಣಿಕೆಯೋ ಕೋಣೆಯ ಟ್ಯೂಬ್‌ಲೈಟ್ ಎಣಿಕೆಯೋ ಎಂದು ತಿಳಿಯುವುದರಲ್ಲೇ ಮುಕ್ಕಾಲು ಕಾಲ ಹೋಗುತ್ತದೆ.

ಉಪಕರಣದ ತಿರುಳು ಒಂದು ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆ, 20 ಸೆಂ.ಮೀ. ಚೌಕ, ಒಂದು ಸೆಂ.ಮೀ. ದಪ್ಪ. ಮ್ಯೂಆನ್ ಹಾದರೆ ಕ್ಷಣಮಾತ್ರ ಮಿನುಗುತ್ತದೆ. ಆ ಬೆಳಕನ್ನು ಫೋಟೊಮಲ್ಟಿಪ್ಲಯರ್ ನಳಿಕೆ ವಿದ್ಯುತ್ ಮಿಡಿತವಾಗಿಸುತ್ತದೆ. ಹಲಗೆಯನ್ನು ಬರಿಗೈಯಲ್ಲಿ ಹಿಡಿಯಬಾರದು, ಸ್ಪಿರಿಟ್ ಅಥವಾ ಅಸಿಟೋನಿನಿಂದ ಒರೆಸಬಾರದು. ಮೈಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟು ಬೆಳಕು ಒಳಗೇ ಚದುರುತ್ತದೆ. ನಳಿಕೆಯನ್ನು ಹಲಗೆಗೆ ಕೂಡಿಸುವಾಗ ಹಚ್ಚುವ ಪಾರದರ್ಶಕ ಗ್ರೀಸಿನಲ್ಲಿ ಗುಳ್ಳೆ ಉಳಿಯಬಾರದು. ಮೇಲೆ ಅಲ್ಯೂಮಿನಿಯಂ ಲೇಪದ ಹಾಳೆ, ಅದರ ಮೇಲೆ ಕರಿ ಕಾಗದ, ಅದರ ಮೇಲೆ ಕರಿ ಟೇಪು. ಮೂಲೆಗಳಲ್ಲೂ ನಳಿಕೆಯ ಕುತ್ತಿಗೆಯಲ್ಲೂ ಬೆಳಕು ಸೋರುವುದು ಜಾಸ್ತಿ. ಪರೀಕ್ಷೆ ಸರಳ: ಕೋಣೆಯ ದೀಪ ಹಾಕಿ ಎಣಿಸಿ, ಆರಿಸಿ ಎಣಿಸಿ. ವ್ಯತ್ಯಾಸ ಬಂದರೆ ಸೋರುತ್ತಿದೆ ಎಂದೇ ಅರ್ಥ. ಹೈವೋಲ್ಟೇಜ್ ಇರುವಾಗ ಹೊದಿಕೆ ಬಿಚ್ಚಿದರೆ ನಳಿಕೆ ಹಾಳಾಗುತ್ತದೆ, ಅದು ದುಬಾರಿ.

ವೋಲ್ಟೇಜ್ ಎಷ್ಟಿಡಬೇಕು? ನಳಿಕೆಗೆ ತಕ್ಕಂತೆ ಸಾವಿರದಿಂದ ಎರಡು ಸಾವಿರ ವೋಲ್ಟಿನ ನಡುವೆ ಎಲ್ಲೋ. ಒಂದರ ಮೇಲೊಂದು ಮೂರು ಹಲಗೆ ಇಟ್ಟು, ಮೇಲಿನದು ಕೆಳಗಿನದು ಎರಡೂ ಮಿಡಿದಾಗ ನಡುವಿನದೂ ಮಿಡಿಯಿತೇ ಎಂದು ನೋಡುವುದು ಕ್ರಮ. ಮೂರೂ ಮಿಡಿದ ಎಣಿಕೆಯನ್ನು ಎರಡು ಮಿಡಿದ ಎಣಿಕೆಯಿಂದ ಭಾಗಿಸಿದರೆ ನಡುವಿನ ಹಲಗೆಯ ದಕ್ಷತೆ. 50 ವೋಲ್ಟಿನಂತೆ ಏರಿಸುತ್ತ ಹೋದರೆ ದಕ್ಷತೆ ಮೊದಲು ಸರಸರ ಏರಿ ಆಮೇಲೆ ಮಟ್ಟವಾಗುತ್ತದೆ. ಆ ಮಟ್ಟ ಶುರುವಾದ ಮೇಲೆ ಸ್ವಲ್ಪ ಮುಂದೆ ನಿಲ್ಲಬೇಕು. ಇನ್ನೂ ಏರಿಸಿದರೆ ದಕ್ಷತೆ ಹೆಚ್ಚದು, ಕಣ ಹಾಯದೆಯೂ ಮಿಡಿಯುವ ಗದ್ದಲ ಮಾತ್ರ ಹೆಚ್ಚುತ್ತದೆ. ನಡುವಿನ ಹಲಗೆ ಉಳಿದೆರಡಕ್ಕಿಂತ ಚಿಕ್ಕದಿದ್ದರೆ ಅಥವಾ ಸರಿದಿದ್ದರೆ, ಅಂಚಿನಲ್ಲಿ ಹಾದ ಮ್ಯೂಆನ್ ಅದಕ್ಕೆ ತಾಗುವುದೇ ಇಲ್ಲ, ದಕ್ಷತೆ ಸುಳ್ಳೇ ಕಡಿಮೆ ಬರುತ್ತದೆ.

ಗದ್ದಲಕ್ಕೆ ಏಕೆ ಹೆದರಬೇಕು ಎಂಬುದಕ್ಕೆ ಲೆಕ್ಕ ನೋಡಿ. ಎರಡು ಹಲಗೆ ಒಂದೊಂದೂ ಸೆಕೆಂಡಿಗೆ ಸಾವಿರ ಸಲ ಸುಮ್ಮನೆ ಮಿಡಿಯುತ್ತಿವೆ, ಮಿಡಿತದ ಅಗಲ 50 ನ್ಯಾನೋಸೆಕೆಂಡ್ ಎಂದುಕೊಂಡರೆ, ಸಂಬಂಧವೇ ಇಲ್ಲದ ಎರಡು ಮಿಡಿತ ಒಟ್ಟಿಗೆ ಬೀಳುವುದು ಸೆಕೆಂಡಿಗೆ 0.1, ನಿಮಿಷಕ್ಕೆ 6. ಹಲಗೆಗಳು ಅಂಟಿಕೊಂಡಂತಿದ್ದಾಗ ನಿಜವಾದ ಮ್ಯೂಆನ್ ನಿಮಿಷಕ್ಕೆ 400ರ ಆಸುಪಾಸು, ಆರು ಲೆಕ್ಕಕ್ಕಿಲ್ಲ. ಆದರೆ ದಿಕ್ಕು ಅಳೆಯಲೆಂದು ಹಲಗೆಗಳನ್ನು ಒಂದು ಮೀಟರ್ ದೂರ ಇಟ್ಟರೆ ಎರಡನ್ನೂ ಹಾಯುವ ಮ್ಯೂಆನ್ ನಿಮಿಷಕ್ಕೆ ಏಳರ ಸುಮಾರಿಗೆ ಇಳಿಯುತ್ತದೆ. ಈಗ ಎಣಿಕೆಯ ಹತ್ತಿರ ಹತ್ತಿರ ಅರ್ಧ ಸುಳ್ಳು! ಓರೆ ಕೋನಗಳಲ್ಲಿ ಎಣಿಕೆ ಸಿದ್ಧಾಂತ ಹೇಳಿದಷ್ಟು ಇಳಿಯಲಿಲ್ಲ ಎಂದು ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಇದಕ್ಕೇ. ಪರಿಹಾರ, ಒಂದು ಹಲಗೆಯ ಮಿಡಿತವನ್ನು ಉದ್ದ ಕೇಬಲ್ ಮೂಲಕ ತಡಮಾಡುವುದು. ಕೇಬಲಿನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್. 40 ಮೀಟರ್ ಸುತ್ತಿದರೆ 200. ಆಗ ನಿಜವಾದ ಜೋಡಿಗಳು ತಪ್ಪಿಹೋಗಿ ಬರಿ ಆಕಸ್ಮಿಕಗಳಷ್ಟೇ ಉಳಿಯುತ್ತವೆ. ಅದನ್ನು ಎಣಿಸಿ ಕಳೆಯಬಹುದು.

ಎಣಿಕೆಯ ಅನಿಶ್ಚಿತತೆ ವರ್ಗಮೂಲ: 400 ಎಣಿಸಿದರೆ 20, ಅಂದರೆ ಶೇ 5, 40,000 ಎಣಿಸಿದರೆ 200, ಶೇ 0.5. ರಾತ್ರಿಯಿಡೀ ಓಡಿಸಿದರೆ ಈ ದೋಷ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿಯುವುದು ಬೇರೆ ಜಾತಿಯದು: ಸಂಜೆ ತಂಪಾದಂತೆ ನಳಿಕೆಯ ವರ್ಧನೆ ಸರಿಯುವುದು, ಕರೆಂಟು ಹೋಗಿಬಂದಾಗ ವೋಲ್ಟೇಜ್ ಬೇರೆ ಕಡೆ ನಿಲ್ಲುವುದು, ವಾಯುಭಾರ ಏರಿದಾಗ ಮೇಲಿನ ಗಾಳಿಯ ಹೊದಿಕೆ ದಪ್ಪವಾಗಿ ಎಣಿಕೆ ಇಳಿಯುವುದು. ಆದ್ದರಿಂದ ಪಕ್ಕದಲ್ಲೊಂದು ಥರ್ಮಾಮೀಟರ್, ಬಾರೊಮೀಟರ್, ಯುಪಿಎಸ್ ಇರಲೇಬೇಕು. ಊಟಿಯಲ್ಲಿ ಮ್ಯೂಆನ್ ಎಣಿಸುವ ಗ್ರೇಪ್ಸ್–3 ಪ್ರಯೋಗದವರು ಇಂಥ ತಿದ್ದುಪಡಿಗಳನ್ನೆಲ್ಲ ಮಾಡಿ ಮುಗಿಸಿದ ಮೇಲೂ ಉಳಿದ ಒಂದು ಸಣ್ಣ ಇಳಿತವನ್ನು ಬೆನ್ನುಹತ್ತಿದರು. 2014ರ ಡಿಸೆಂಬರ್ 1ರ ಗುಡುಗುಮೋಡದೊಳಗೆ 130 ಕೋಟಿ ವೋಲ್ಟಿನ ವಿಭವಾಂತರ ಇತ್ತೆಂಬ ಅಂದಾಜು ಬಂದದ್ದು ಹಾಗೆ. ತಿದ್ದುಪಡಿಯಲ್ಲಿ ಸೋಮಾರಿತನ ಮಾಡಿದ್ದರೆ ಮೋಡವೂ ವಾಯುಭಾರದ ಲೆಕ್ಕಕ್ಕೆ ಸೇರಿ ಮಾಯವಾಗುತ್ತಿತ್ತು.

ಇದೇ ಎಣಿಕೆಯನ್ನು ನೆಲದೊಳಗೆ ಇಳಿಸಿದರೆ ಕೋಲಾರ ಚಿನ್ನದ ಗಣಿ. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮೇಲಿನಿಂದ ಬರುವ ಮ್ಯೂಆನ್ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಹಲಗೆಗಳನ್ನು ಮಲಗಿಸದೆ ಗೋಡೆಯಂತೆ ನಿಲ್ಲಿಸಿ, ಅಡ್ಡಡ್ಡ ಬರುವವನ್ನು ಕಾದರು. ಅಡ್ಡದಿಕ್ಕಿನಲ್ಲಿ ಬಂಡೆ ಇನ್ನೂ ಎಷ್ಟೋ ಪಟ್ಟು ದಪ್ಪ, ಆ ದಾರಿಯಲ್ಲಿ ಹೊರಗಿನ ಮ್ಯೂಆನ್ ಬರಲಾರದು. ಬಂತೆಂದರೆ ಅದನ್ನು ಬಂಡೆಯೊಳಗೇ ನ್ಯೂಟ್ರಿನೊ (ಎಷ್ಟು ದಪ್ಪ ಬಂಡೆಯನ್ನೂ ಹಾಯಬಲ್ಲ ಕಣ) ಹುಟ್ಟಿಸಿರಬೇಕು. ವಾತಾವರಣದ ನ್ಯೂಟ್ರಿನೊ 1965ರಲ್ಲಿ ಹೀಗೆ ಕೆಜಿಎಫ್‌ನಲ್ಲಿ ಪತ್ತೆಯಾಯಿತು. ಹಲಗೆಯ ದಿಕ್ಕು ತಿರುಗಿಸುವುದರಲ್ಲೇ ಅಷ್ಟು ಬುದ್ಧಿ ಅಡಗಿತ್ತು.

ಬರವಣಿಗೆಯ ಹಂತದಲ್ಲಿ ಮೂವರ ರೂಢಿಗಳೂ ಪರಸ್ಪರ ವಿಚಿತ್ರವಾಗಿ ಕಾಣುತ್ತವೆ. ಶಾಸನದ ಲೇಖನಕ್ಕೆ ಹೆಚ್ಚಾಗಿ ಒಬ್ಬರೇ ಲೇಖಕರು. ಊರು ತೋರಿಸಿದವರು, ಕಾಗದ ಹಿಡಿದವರು ಕೃತಜ್ಞತೆಯಲ್ಲಿ ಬರುತ್ತಾರೆ, ಕೆಲವೊಮ್ಮೆ ಅಲ್ಲೂ ಬರುವುದಿಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖಕನೆನಿಸಲು ನಾಲ್ಕು ಷರತ್ತು: ಯೋಜನೆಯಲ್ಲಿ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಹೆಸರು ಸೇರಿಸುವುದು ಈ ನಾಲ್ಕರಲ್ಲಿ ಯಾವುದಕ್ಕೂ ಹೊಂದದು, ಆದರೂ ನಡೆಯುತ್ತದೆ. ಕಣಭೌತಶಾಸ್ತ್ರದಲ್ಲಿ ಇಡೀ ತಂಡ ಅಕ್ಷರಾನುಕ್ರಮದಲ್ಲಿ. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಒಂದು ಪ್ರಬಂಧಕ್ಕೆ ಐದು ಸಾವಿರಕ್ಕೂ ಹೆಚ್ಚು ಲೇಖಕರು. ಮೂರು ವಿಭಾಗದವರನ್ನೂ ಒಂದೇ ಅಂಕಪಟ್ಟಿಯಲ್ಲಿ ತೂಗಿ, ‘ಏಕ ಲೇಖಕರಿಗೆ ಇಷ್ಟು, ಸಹಲೇಖಕರಿಗೆ ಇಷ್ಟು’ ಎನ್ನುವ ಬಡ್ತಿ ಸಮಿತಿಗಳಿಗೆ ಇದನ್ನು ವಿವರಿಸಿ ಹೇಳುವುದು ಮ್ಯೂಆನ್ ಹಿಡಿಯುವುದಕ್ಕಿಂತ ಕಷ್ಟ.

ಸಾಕಷ್ಟು ಎಂದು ಯಾವಾಗ ಹೇಳುವುದು ಎಂಬುದರಲ್ಲೂ ಹೀಗೆಯೇ. ಹೊಸ ಕಣ ಕಂಡಿತೆನ್ನಲು ಭೌತಶಾಸ್ತ್ರಜ್ಞರು ಐದು ಸಿಗ್ಮಾ ಕೇಳುತ್ತಾರೆ, ಅಂದರೆ ಬರಿ ಆಕಸ್ಮಿಕವಾಗಿ ಹಾಗೆ ಕಾಣುವ ಸಂಭವ ಸುಮಾರು 35 ಲಕ್ಷಕ್ಕೆ ಒಂದು. ಅವರು ಕಾಯಬಲ್ಲರು. ಆರೋಗ್ಯದವರು ಇಪ್ಪತ್ತಕ್ಕೆ ಒಂದರಲ್ಲಿ ತೃಪ್ತರಾಗುತ್ತಾರೆ, ಏಕೆಂದರೆ ಐದು ಸಿಗ್ಮಾಗೆ ಬೇಕಾದಷ್ಟು ಜನರನ್ನು ಕುರ್ಚಿಯಲ್ಲಿ ಕೂರಿಸುವುದೂ ಅಷ್ಟು ಕಾಲ ಚಿಕಿತ್ಸೆ ತಡೆಹಿಡಿಯುವುದೂ ಆಗದ ಮಾತು. ಶಾಸನಕಾರರ ಬಳಿ ಸಂಖ್ಯೆಯೇ ಇಲ್ಲ. ಚೌಕ ಕಂಸವಿದೆ, ‘ಸುಮಾರು’ ಎಂಬ ಪದವಿದೆ.

ಕೆಲಸ ಮುಗಿದಮೇಲೆ ಏನನ್ನು ಉಳಿಸಬೇಕು ಎಂಬುದನ್ನು ಹೊಸಬರು ಕೇಳುವುದೇ ಇಲ್ಲ, ಆದ್ದರಿಂದ ಹೇಳಿಬಿಡುತ್ತೇವೆ. ಪಡಿಯಚ್ಚನ್ನು ಮಡಚಬೇಡಿ, ಮಡಿಕೆಯಲ್ಲಿ ಅಕ್ಷರ ಹೋಗುತ್ತದೆ. ಕೊಳವೆಗೆ ಸುತ್ತಿ, ತೇವವಿಲ್ಲದ ಕಡೆ ಇಟ್ಟು, ಸ್ಕ್ಯಾನ್ ಪ್ರತಿಯನ್ನು ಬೇರೆ ಕಟ್ಟಡದಲ್ಲಿಡಿ. ಮ್ಯೂಆನ್ ಪ್ರಯೋಗದಲ್ಲಿ ತಿದ್ದುಪಡಿ ಮಾಡಿದ ಕಡತವಲ್ಲ, ಯಂತ್ರ ಕೊಟ್ಟ ಕಚ್ಚಾ ಕಡತವೇ ಮುಖ್ಯ. ಅದರ ಜೊತೆ ವೋಲ್ಟೇಜ್, ಎಣಿಕೆಗೆ ಸೇರಲು ಮಿಡಿತ ದಾಟಬೇಕಾದ ಮಿತಿ, ಹಲಗೆಗಳ ಅಂತರ, ಕರೆಂಟು ಹೋದ ಹೊತ್ತು ಬರೆದ ಲಾಗ್‌ಬುಕ್. ಪುಟ ಹರಿಯಬೇಡಿ, ತಪ್ಪನ್ನು ಒಂದು ಗೆರೆ ಎಳೆದು ಹೊಡೆಯಿರಿ. ಸಮೀಕ್ಷೆಯಲ್ಲಿ ಮಾತ್ರ ಉಳಿಸುವಷ್ಟೇ ಮುಖ್ಯ ಅಳಿಸುವುದು: ಒಪ್ಪಿಗೆ ಪತ್ರಗಳು ಬೀಗದ ಕಪಾಟಿನಲ್ಲಿ, ಅಳತೆಗಳು ಬರಿ ಕ್ರಮಸಂಖ್ಯೆಯೊಂದಿಗೆ ಬೇರೆ ಕಡೆ, ಎರಡನ್ನೂ ಜೋಡಿಸುವ ಹೆಸರಿನ ಪಟ್ಟಿ ಸಮಿತಿ ಒಪ್ಪಿದ ಅವಧಿ ಮುಗಿದ ದಿನ ನಾಶ. ಆ ಪಟ್ಟಿಯ ಇನ್ನೊಂದು ಪ್ರತಿ ಯಾರದೋ ವಾಟ್ಸ್ಆ್ಯಪ್‌ನಲ್ಲಿ ಉಳಿದಿಲ್ಲ ಎಂಬುದನ್ನು ತಂಡದ ಪ್ರತಿಯೊಬ್ಬರ ಫೋನಿನಲ್ಲೂ ನೋಡಿಯೇ ಸಹಿ ಹಾಕಿ.